ಬಿದಿರು ಹೂ ಬಿಟ್ಟಾಗ: ಪ್ರಮಾದ ಮತ್ತು ಬಂಡಾಯ

ಹಿಂಸೆಯು ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಲೋಕವು ಕೊಡುವ ಉತ್ತರ ಒಂದು, ಜೈನಾಚಾರ್ಯರು ಕೊಟ್ಟ ಉತ್ತರ ಇನ್ನೊಂದು. ಮೊದಲ ಗುಂಡು ಹಾರಿದ ಗಳಿಗೆಯನ್ನು ಲೋಕವು ಆರಂಭವೆಂದು ಎಣಿಸುತ್ತದೆ. ಇತಿಹಾಸದ ಪುಸ್ತಕಗಳೂ ಬಹುಮಟ್ಟಿಗೆ ಆ ದಿನಾಂಕವನ್ನೇ ಬರೆದಿಡುತ್ತವೆ. ಆದರೆ ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಶಸ್ತ್ರವನ್ನು ಹೆಸರಿಸುವುದಿಲ್ಲ, ಪ್ರಮಾದವನ್ನು ಹೆಸರಿಸುತ್ತಾರೆ. ಅಜಾಗರೂಕತೆಯಿಂದ, ಕಷಾಯಕ್ಕೆ ವಶವಾದ ಮನಸ್ಸಿನಿಂದ ಪ್ರಾಣಕ್ಕೆ ಬಾಧೆಯಾದರೆ ಅದು ಹಿಂಸೆ. ಈ ಮಾತನ್ನು ಒಬ್ಬ ಶ್ರಾವಕನ ನಡೆ, ಊಟ, ಉಡುಗೆಗಳಿಗೆ ಅನ್ವಯಿಸಿ ನೋಡುವುದು ರೂಢಿಯಲ್ಲಿದೆ. ಒಂದು ಸರ್ಕಾರಕ್ಕೆ, ಒಂದು ಜನಾಂಗಕ್ಕೆ, ಇಪ್ಪತ್ತು ವರ್ಷಗಳ ಒಂದು ಬಂಡಾಯಕ್ಕೆ ಅದನ್ನು ಅನ್ವಯಿಸಿ ನೋಡಿದವರು ಕಡಿಮೆ. ಮಿಜೋ ಬೆಟ್ಟಗಳಲ್ಲಿ 1966ರಿಂದ 1986ರವರೆಗೆ ನಡೆದುದನ್ನು ಈ ದೃಷ್ಟಿಯಿಂದ ನೋಡಿದರೆ ಕಥೆಯ ಮೊದಲ ಪುಟವೇ ಬದಲಾಗುತ್ತದೆ.

ಆ ಮೊದಲ ಪುಟದಲ್ಲಿ ಇರುವುದು ಬಂದೂಕಲ್ಲ, ಬಿದಿರಿನ ಹೂವು. ಮಿಜೋ ಬೆಟ್ಟಗಳನ್ನು ದಟ್ಟವಾಗಿ ಹೊದ್ದಿರುವ ಒಂದು ಜಾತಿಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಏಕಕಾಲಕ್ಕೆ ಹೂ ಬಿಟ್ಟು, ಕಾಯಿ ಕಚ್ಚಿ, ಒಣಗಿ ಸಾಯುತ್ತದೆ. ಬೆಟ್ಟದಿಂದ ಬೆಟ್ಟಕ್ಕೆ ರಾಶಿರಾಶಿಯಾಗಿ ಉದುರಿದ ಕಾಯಿಗಳನ್ನು ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಕಾಯಿ ಮುಗಿದ ಮೇಲೆ ಅವು ಹೊಲಕ್ಕೆ ಇಳಿಯುತ್ತವೆ. ಬೆಟ್ಟದ ಇಳಿಜಾರಿನಲ್ಲಿ ಕಾಡು ಕಡಿದು ಸುಟ್ಟು ಬಿತ್ತಿದ ಭತ್ತ, ಕೊಯ್ಲಿಗೆ ಬಂದ ಹೊತ್ತಿನಲ್ಲಿ, ಒಂದೆರಡು ರಾತ್ರಿಗಳಲ್ಲಿ ಬರಿಯ ಹುಲ್ಲಾಗುತ್ತದೆ. ಮಿಜೋ ಜನ ಇದನ್ನು ‘ಮೌತಾಮ್’ ಎನ್ನುತ್ತಾರೆ. ಬಿದಿರಿನ ಸಾವು ಎಂದು ಅರ್ಥ. 1911–12ರಲ್ಲಿ ಅದು ಬಂದಿತ್ತು. ಮುದುಕರು ಬೆರಳು ಮಡಿಸಿ ಎಣಿಸಬಲ್ಲವರಾಗಿದ್ದರು. ಬ್ರಿಟಿಷ್ ಆಡಳಿತದ ಕಡತಗಳಲ್ಲಿಯೂ ಅದರ ದಾಖಲೆ ಇತ್ತು.

ಆಗ ಆ ಬೆಟ್ಟಗಳು ಅಸ್ಸಾಂ ರಾಜ್ಯದ ಒಂದು ಜಿಲ್ಲೆ. 1958ರ ಅಕ್ಟೋಬರಿನಲ್ಲಿ ಮಿಜೋ ಜಿಲ್ಲಾ ಪರಿಷತ್ತು ಒಂದು ನಿರ್ಣಯವನ್ನು ಅಂಗೀಕರಿಸಿ, ಬಿದಿರು ಹೂ ಬಿಡುವ ಕಾಲ ಸಮೀಪಿಸಿದೆ, ಬರಗಾಲ ಬರಲಿದೆ, ಮುಂಜಾಗ್ರತೆಯ ಪರಿಹಾರ ಕಾರ್ಯಕ್ಕೆ 15 ಲಕ್ಷ ರೂಪಾಯಿಗಳನ್ನು ಮಂಜೂರು ಮಾಡಬೇಕು ಎಂದು ರಾಜ್ಯ ಸರ್ಕಾರವನ್ನು ಕೇಳಿಕೊಂಡಿತು. ಬಿದಿರು ಹೂ ಬಿಟ್ಟರೆ ಬರ ಬರುವುದೆಂಬುದು ಗುಡ್ಡಗಾಡು ಜನರ ಮೂಢನಂಬಿಕೆಯೆಂದು ಆ ಕೋರಿಕೆಯನ್ನು ತಳ್ಳಿಹಾಕಲಾಯಿತು. ಮರುವರ್ಷ ಬಿದಿರು ಹೂ ಬಿಟ್ಟಿತು. ಇಲಿಗಳು ಬಂದವು. ಜನ ಕಾಡಿನ ಗೆಡ್ಡೆಗೆಣಸುಗಳನ್ನು ಅಗೆದು ತಿಂದರು. ರಸ್ತೆಯಿಲ್ಲದ ಬೆಟ್ಟಗಳಿಗೆ ಸರ್ಕಾರದ ಅಕ್ಕಿ ತಲುಪಿದ್ದು ತಡವಾಗಿ; ತಲುಪಿದ್ದೂ ಸಾಲಲಿಲ್ಲ.

ಇಲ್ಲಿ ಯಾರೂ ಯಾರನ್ನೂ ಕೊಲ್ಲಲು ಬಯಸಿರಲಿಲ್ಲ. ಕಚೇರಿಯಲ್ಲಿ ಕುಳಿತು ಆ ಕೋರಿಕೆಯ ಮೇಲೆ ಷರಾ ಬರೆದವನ ಮನಸ್ಸಿನಲ್ಲಿ ದ್ವೇಷವಿದ್ದಿರಲಾರದು. ಅವನಲ್ಲಿ ಇದ್ದುದು ತನಗೆ ತಿಳಿಯದ್ದನ್ನು ಇನ್ನೊಬ್ಬನು ತಿಳಿದಿರಲಾರನೆಂಬ ಉಪೇಕ್ಷೆ. ಕಡತವನ್ನು ತಿರುವಿ ನೋಡಿದ್ದರೆ 1911ರ ದಾಖಲೆ ಸಿಗುತ್ತಿತ್ತು. ನೋಡಬಹುದಾದುದನ್ನು ನೋಡದೆ ಕಾಲಿಡುವುದನ್ನೇ ಈರ್ಯಾಸಮಿತಿಯು ದೋಷವೆನ್ನುತ್ತದೆ. ಇರುವೆಯ ವಿಷಯದಲ್ಲಿ ಒಬ್ಬ ಮುನಿಗೆ ವಿಧಿಸಿದ ಎಚ್ಚರವು ಮನುಷ್ಯರ ವಿಷಯದಲ್ಲಿ ಒಂದು ಆಡಳಿತಕ್ಕೆ ಬೇಡವೆಂದು ಹೇಳಲು ಯಾವ ಆಧಾರವೂ ಇಲ್ಲ.

ಹಸಿವು ಏನನ್ನು ಮಾಡಬಲ್ಲುದೆಂಬುದನ್ನು ಜೈನ ಪರಂಪರೆ ಬಲ್ಲದು. ಮಗಧದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಮುಂಗಂಡು ಶ್ರುತಕೇವಲಿ ಭದ್ರಬಾಹುಗಳು ಸಂಘವನ್ನು ದಕ್ಷಿಣಕ್ಕೆ ಕರೆತಂದರೆಂದೂ, ಮೌರ್ಯ ಚಂದ್ರಗುಪ್ತನು ಅವರ ಜೊತೆಯಲ್ಲಿ ಬಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟನೆಂದೂ ಪರಂಪರೆ ಹೇಳುತ್ತದೆ. ಉತ್ತರದಲ್ಲಿಯೇ ಉಳಿದ ಮುನಿಗಳ ಆಚಾರ ಕ್ಷಾಮದಲ್ಲಿ ಸಡಿಲವಾಯಿತೆಂಬುದು ದಿಗಂಬರರ ನಂಬಿಕೆ. ಸರ್ವಸ್ವವನ್ನೂ ತ್ಯಜಿಸಿದವರ ವ್ರತವನ್ನೇ ಅಲುಗಿಸಿದ ಹಸಿವು, ಮಕ್ಕಳು ಮರಿಗಳೊಡನೆ ಬೆಟ್ಟದ ಹಳ್ಳಿಯಲ್ಲಿ ಕುಳಿತ ಗೃಹಸ್ಥನ ನಿಷ್ಠೆಯನ್ನು ಅಲುಗಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ಭದ್ರಬಾಹುಗಳ ಮಾತನ್ನು ಕೇಳಿದ ಅರಸನಿದ್ದನು. ಮಿಜೋ ಪರಿಷತ್ತಿನ ಮಾತನ್ನು ಕೇಳುವವರಿರಲಿಲ್ಲ.

ಬರಗಾಲದಲ್ಲಿ ಜನರ ನೆರವಿಗೆ ಬಂದವರು ಅವರವರೇ. ಮಿಜೋ ಸಮಾಜದಲ್ಲಿ ‘ತ್ಲೋಮ್ಙಾಯ್ನಾ’ ಎಂಬ ಒಂದು ನಡವಳಿಕೆಯ ನಿಯಮವಿದೆ. ತನ್ನ ಸುಖವನ್ನು ಬದಿಗಿಟ್ಟು, ಹೇಳಿಸಿಕೊಳ್ಳದೆ, ಪ್ರತಿಫಲ ಬಯಸದೆ ನೆರೆಯವನ ಕಷ್ಟಕ್ಕೆ ಒದಗಬೇಕೆಂಬುದು ಅದರ ಸಾರ. ಈ ನಿಯಮಕ್ಕೆ ಕಟ್ಟುಬಿದ್ದ ತರುಣರು ಅಕ್ಕಿಯ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ದೂರದೂರದ ಹಳ್ಳಿಗಳಿಗೆ ಮುಟ್ಟಿಸಿದರು. ಅವರನ್ನು ಒಗ್ಗೂಡಿಸಿದ ಸಂಸ್ಥೆಯ ಹೆಸರು ಮಿಜೋ ರಾಷ್ಟ್ರೀಯ ಕ್ಷಾಮ ರಂಗ. ಹಿಂದೆ ಸೈನ್ಯದಲ್ಲಿ ಹವಾಲ್ದಾರನಾಗಿದ್ದು, ಆಮೇಲೆ ಜಿಲ್ಲಾ ಪರಿಷತ್ತಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಲಾಲ್‌ಡೆಂಗಾ ಅದರ ಮುಂದಾಳು. 1961ರ ಅಕ್ಟೋಬರ್ 22ರಂದು ಆ ಹೆಸರಿನಿಂದ ‘ಕ್ಷಾಮ’ ಎಂಬ ಪದವನ್ನು ತೆಗೆದುಹಾಕಲಾಯಿತು. ಉಳಿದದ್ದು ಮಿಜೋ ರಾಷ್ಟ್ರೀಯ ರಂಗ. ಅದರ ಗುರಿ ಸ್ವತಂತ್ರ ದೇಶ.

ಒಂದು ಪದ ಬಿದ್ದುಹೋದ ಈ ಸಂಗತಿಯಲ್ಲಿ ವಿಚಾರ ಮಾಡಬೇಕಾದುದು ಬಹಳವಿದೆ. ಆಹಾರದಾನವು ದಾನಗಳಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿದೆ. ಅಕ್ಕಿ ಹೊತ್ತ ಅದೇ ಬೆನ್ನುಗಳು, ಅದೇ ಕಾಲುದಾರಿಗಳಲ್ಲಿ, ಕೆಲವೇ ವರ್ಷಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂದೂಕುಗಳನ್ನು ಹೊತ್ತವು. ಕರುಣೆಯಿಂದ ಆರಂಭವಾದುದು ಕ್ರೌರ್ಯಕ್ಕೆ ತಿರುಗಿದ್ದು ಹೇಗೆ? ಹಸಿವೊಂದೇ ಕಾರಣವೆನ್ನಲಾಗದು; ಬಂಡಾಯ ಸಿಡಿಯುವ ಹೊತ್ತಿಗೆ ಬರ ಮುಗಿದಿತ್ತು. ಕಷಾಯಗಳಲ್ಲಿ ಕ್ರೋಧದ ನಂತರ ಹೇಳುವುದು ಮಾನವನ್ನು. ಹಸಿವು ಅನ್ನ ಸಿಕ್ಕೊಡನೆ ಶಮನವಾಗುತ್ತದೆ, ಅಪಮಾನ ಹಾಗೆ ಶಮನವಾಗುವುದಿಲ್ಲ. ನಿಮ್ಮ ಹಿರಿಯರ ತಿಳಿವಳಿಕೆ ಮೂಢನಂಬಿಕೆ ಎಂಬ ಮಾತು ಬರಗಾಲ ಕಳೆದ ಮೇಲೂ ಉಳಿಯಿತು. ಅದರ ಮೇಲೆ 1960ರಲ್ಲಿ ಅಸ್ಸಾಮೀ ಭಾಷೆಯನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿ ಮಾಡುವ ಕಾಯಿದೆ ಬಂದಿತು. ಹೊಟ್ಟೆಯ ವಿಷಯದಲ್ಲಿ ಕೇಳದವರು ನಾಲಗೆಯ ವಿಷಯದಲ್ಲಿಯೂ ಕೇಳಲಾರರೆಂದು ಬೆಟ್ಟದ ಜನರಿಗೆ ತೋರಿತು. ಮಾನಕಷಾಯವನ್ನು ಹೊತ್ತಿಸಿದವರ ದೋಷ ಒಂದು. ಅದನ್ನು ಊದಿ ಊದಿ ಬೆಂಕಿ ಮಾಡಿ, ತರುಣರ ಕೈಗೆ ಶಸ್ತ್ರ ಕೊಟ್ಟ ನಾಯಕರ ದೋಷ ಇನ್ನೊಂದು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಾಗದು. ಅದೇ ಬೆಟ್ಟಗಳಲ್ಲಿ, ಅದೇ ಬರವನ್ನು ಅನುಭವಿಸಿದ ಮಿಜೋ ಯೂನಿಯನ್ನಿನವರು ಭಾರತದೊಳಗೇ ತಮ್ಮ ಪಾಲನ್ನು ಕೇಳುವ ದಾರಿಯನ್ನು ಹಿಡಿದಿದ್ದರೆಂಬುದನ್ನು ಮರೆಯಬಾರದು. ಬೇರೆ ದಾರಿ ಇರಲಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ.

1966ರ ಫೆಬ್ರವರಿ 28ರ ರಾತ್ರಿ ಬಂಡಾಯಗಾರರು ಐಜ್ವಾಲ್, ಲುಂಗ್ಲೇ, ಚಂಫಾಯ್ ಮೊದಲಾದೆಡೆ ಏಕಕಾಲಕ್ಕೆ ಎರಗಿದರು. ಐಜ್ವಾಲಿನ ಖಜಾನೆ ಲೂಟಿಯಾಯಿತು, ತಂತಿಗಳು ಕಡಿಯಲ್ಪಟ್ಟವು, ಅಸ್ಸಾಂ ರೈಫಲ್ಸ್ ನೆಲೆಗಳು ಮುತ್ತಿಗೆಗೆ ಸಿಕ್ಕಿದವು. ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಆಗ ಐದು ವಾರಗಳಷ್ಟೇ ಆಗಿದ್ದವು. ಮುತ್ತಿಗೆಯಲ್ಲಿದ್ದ ಸೈನಿಕರನ್ನು ಬಿಡಿಸುವುದು ಸರ್ಕಾರದ ಕರ್ತವ್ಯವಾಗಿತ್ತು, ಇದರಲ್ಲಿ ವಾದವಿಲ್ಲ. ಗೃಹಸ್ಥನಿಗೆ ಹೇಳಿದ ಹಿಂಸೆಯ ನಾಲ್ಕು ಬಗೆಗಳಲ್ಲಿ ಆರಂಭೀ, ಉದ್ಯೋಗೀ, ವಿರೋಧೀ ಎಂಬ ಮೂರನ್ನು ಅವನು ಪೂರ್ತಿಯಾಗಿ ಬಿಡಲಾರನೆಂದೂ, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕೆಂದೂ ಆಚಾರ್ಯರು ವಿಧಿಸಿದ್ದಾರೆ. ಮೇಲೆ ಬಿದ್ದವನನ್ನು ತಡೆಯಲು ಮಾಡಿದುದು ವಿರೋಧೀ ಹಿಂಸೆ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿಯೇ ಆಗಿದ್ದನು. ಜೈನಧರ್ಮವು ರಾಜನ ಕೈಯಿಂದ ಕತ್ತಿಯನ್ನು ಕಿತ್ತುಕೊಂಡು ರಾಜ್ಯವಾಳಲು ಹೇಳಿದ ಧರ್ಮವಲ್ಲ.

ಆದರೆ ವಿರೋಧೀ ಹಿಂಸೆಗೆ ಒಂದು ಗಡಿ ಇದೆ. ಅದು ವಿರೋಧಿಸಿದವನಲ್ಲಿಗೆ ನಿಲ್ಲಬೇಕು. ಮಾರ್ಚ್ 4 ಮತ್ತು 5ರಂದು ಭಾರತೀಯ ವಾಯುಪಡೆಯ ತೂಫಾನಿ ಮತ್ತು ಹಂಟರ್ ಯುದ್ಧವಿಮಾನಗಳು ಐಜ್ವಾಲ್ ಪಟ್ಟಣದ ಮೇಲೆ ಗುಂಡಿನ ಮಳೆಗರೆದು ಬೆಂಕಿಯ ಬಾಂಬುಗಳನ್ನು ಹಾಕಿದವು. ಮರದ ಮನೆಗಳ ಸಾಲುಗಳು ಸುಟ್ಟುಹೋದವು. ಜನ ಊರು ತೊರೆದು ಬೆಟ್ಟಗಳ ಕಡೆಗೆ ಓಡಿದರು. ಸ್ವಂತ ಪ್ರಜೆಗಳಿರುವ ಊರಿನ ಮೇಲೆ ದೇಶದ ವಾಯುಪಡೆ ಬಾಂಬು ಹಾಕಿದ್ದು ಅದೊಂದೇ ಸಲ. ವಿಮಾನಗಳು ಹೋದದ್ದು ಜನರನ್ನೂ ಸಾಮಗ್ರಿಯನ್ನೂ ಇಳಿಸಲೆಂದು ಆಗ ಅಧಿಕೃತವಾಗಿ ಹೇಳಲಾಯಿತು. ಬಂಡಾಯಗಾರನಾರು, ಅಂಗಡಿಯವನಾರು ಎಂದು ಮೇಲಿನಿಂದ ಬಿದ್ದ ಬೆಂಕಿಗೆ ತಿಳಿಯುವುದಿಲ್ಲ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಇಬ್ಬರ ಜಗಳಕ್ಕೆ ಸಾವಿರಾರು ಜನ ಏಕೆ ಸಾಯಬೇಕೆಂದು ಕೇಳಿದವರು ಮಂತ್ರಿಗಳು. ಅದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಿಶ್ಚಯವಾದವು. ಆದಿಪುರಾಣವನ್ನು ಓದಿದ ಕನ್ನಡಿಗರಿಗೆ ಯುದ್ಧದ ಆ ಮಿತಿ ಒಂದು ಸುಂದರ ಕಥಾಭಾಗವಾಗಿ ಉಳಿದಿದೆ. ಮಂತ್ರಿಗಳು ಎತ್ತಿದ ಪ್ರಶ್ನೆ ಮಾತ್ರ ಬಹುಬೇಗ ಮರೆತುಹೋಗುತ್ತದೆ.

ಬಾಂಬು ಬಿದ್ದದ್ದು ಎರಡು ದಿನ. ಅದಕ್ಕಿಂತ ಆಳವಾದ ಗಾಯವನ್ನು ಮಾಡಿದ್ದು 1967ರ ಜನವರಿಯಲ್ಲಿ ಆರಂಭವಾದ ಇನ್ನೊಂದು ಕಾರ್ಯ. ಬಂಡಾಯಗಾರರಿಗೆ ಹಳ್ಳಿಗಳಿಂದ ಅನ್ನವೂ ಆಶ್ರಯವೂ ಸಿಗುತ್ತಿದೆ; ಆದ್ದರಿಂದ ಹಳ್ಳಿಗಳನ್ನೇ ಎತ್ತಿ ಹೆದ್ದಾರಿಯ ಬದಿಗೆ ತಂದಿಡಬೇಕು ಎಂಬುದು ಅದರ ತರ್ಕ. ಬ್ರಿಟಿಷರು ಮಲಯಾದಲ್ಲಿ ಇದೇ ಉಪಾಯವನ್ನು ಮಾಡಿದ್ದರು. ಮೊದಲ ಹಂತದಲ್ಲಿ ವೈರೆಂಗ್ತೆಯಿಂದ ಲುಂಗ್ಲೇವರೆಗಿನ ರಸ್ತೆಯುದ್ದಕ್ಕೂ 18 ಕೇಂದ್ರಗಳು ಎದ್ದವು. ಮುಂದಿನ ಮೂರು ವರ್ಷಗಳಲ್ಲಿ ಅಲ್ಲಿನ 764 ಹಳ್ಳಿಗಳಲ್ಲಿ 516ನ್ನು ಬರಿದು ಮಾಡಿ, ಜನರನ್ನು 110 ಕೇಂದ್ರಗಳಿಗೆ ತುಂಬಲಾಯಿತು. ಇಡೀ ಜನಸಂಖ್ಯೆಯ ಶೇಕಡಾ 80ರಷ್ಟು ಮಂದಿ ತಮ್ಮ ಊರಿನಲ್ಲಿ ಇರಲಿಲ್ಲ, ಇಲ್ಲವೆ ಬೇರೆಯವರ ಊರುಗಳನ್ನು ತಮ್ಮ ಊರಿನೊಳಗೆ ಸೇರಿಸಿಕೊಂಡು ಬೇಲಿಯೊಳಗೆ ಇದ್ದರು. ಗುರುತಿನ ಚೀಟಿ, ಹಾಜರಿ, ಕತ್ತಲಾದೊಡನೆ ಕರ್ಫ್ಯೂ. ಹೊಲಗಳು ದೂರ ಉಳಿದವು. ಸಂಜೆಯೊಳಗೆ ಹಿಂತಿರುಗಬೇಕಾದವನು ಬೆಟ್ಟದ ಬೇಸಾಯವನ್ನು ಮಾಡಲಾರನು. ಅಕ್ಕಿಯನ್ನು ಉಳಿದವರಿಗೂ ಹಂಚಿ ಬದುಕಿದ್ದ ಜನ ಪಡಿತರದ ಸಾಲಿನಲ್ಲಿ ನಿಂತರು. ಹತ್ತು ವರ್ಷಗಳ ಹಿಂದೆ ಇಲಿಗಳು ಮಾಡಿದುದನ್ನು ಈಗ ಆಜ್ಞಾಪತ್ರವೊಂದು ಮಾಡಿತು. ಈ ಕೇಂದ್ರಗಳಿಗೆ ಇಟ್ಟ ಹೆಸರು ‘ಸಂರಕ್ಷಿತ ಮತ್ತು ಪ್ರಗತಿಪರ ಗ್ರಾಮಗಳು’ ಎಂದು.

ದಾರ್ಜೋ ಎಂಬ ಊರನ್ನು ತೆರವು ಮಾಡಿಸಿದ ಸೈನ್ಯಾಧಿಕಾರಿಯೊಬ್ಬನ ನೆನಪುಗಳನ್ನು, ಮಿಜೋರಾಮಿನಲ್ಲಿ ಆಡಳಿತ ಸೇವೆಯಲ್ಲಿದ್ದ ವಿಜೇಂದ್ರ ಸಿಂಗ್ ಜಾಫಾ ಅವರು ಬರೆದಿಟ್ಟಿದ್ದಾರೆ. ದಾರ್ಜೋ ಸಮೃದ್ಧವಾದ ಊರು, ಕಣಜಗಳಲ್ಲಿ ಭತ್ತವಿತ್ತು. ಊರಿನವರು ಹೊರಬಲ್ಲಷ್ಟನ್ನು ಹೊತ್ತು ಹೊರಡಬೇಕು, ಹೊರಡುವ ಮುನ್ನ ತಮ್ಮ ಮನೆಗಳಿಗೆ ತಾವೇ ಬೆಂಕಿ ಇಡಬೇಕು, ಹೊರಲಾಗದ ಧಾನ್ಯ ಸುಟ್ಟುಹೋಗಬೇಕು ಎಂಬುದು ಅಧಿಕಾರಿಗೆ ಬಂದಿದ್ದ ಆಜ್ಞೆ. ಜನ ಹೊರಗೆ ಬಂದರು, ಆದರೆ ತಮ್ಮ ಮನೆಗೆ ತಾವು ಬೆಂಕಿ ಇಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಅಧಿಕಾರಿಯೇ ಪಂಜನ್ನು ಹೊತ್ತಿಸಿ ಮೊದಲ ಮನೆಗೆ ಇಟ್ಟನು. ಉಳಿದುದನ್ನು ಸಿಪಾಯಿಗಳು ಮಾಡಿದರು. ಹೆಂಗಸರು ಗೋಳಾಡುತ್ತಿದ್ದರು, ಗಂಡಸರು ಮಾತಿಲ್ಲದೆ ನಿಂತಿದ್ದರು. ಪುಟ್ಟ ಹುಡುಗಿಯೊಬ್ಬಳು ಉರಿಯುತ್ತಿದ್ದ ತನ್ನ ಮನೆಯೊಳಕ್ಕೆ ನುಗ್ಗಿ, ಒಂದು ಬೆಕ್ಕಿನ ಮರಿಯನ್ನು ಎತ್ತಿಕೊಂಡು ಹೊರಗೆ ಓಡಿಬಂದಳು. ಜೀವದಯೆಯ ಮೇಲೆ ಬರೆದ ಅನೇಕ ವ್ಯಾಖ್ಯಾನಗಳಿಗಿಂತ ಆ ಮಗುವಿನ ಎರಡು ಕೈಗಳು ಹೆಚ್ಚಿನದನ್ನು ಬಲ್ಲವು. ರಾತ್ರಿಯಿಡೀ ಕಾಡಿನಲ್ಲಿ ನಡೆದು ಬೆಳಗಿನ ಹೊತ್ತಿಗೆ ಅವರೆಲ್ಲ ನಾಥಿಯಾಲಿಗೆ ಬಂದರು. ಅಲ್ಲಿ ಊರ ಹಿರಿಯರ ಮುಂದೆ ಕಾಗದಗಳನ್ನು ಇಡಲಾಯಿತು. ಬಂಡಾಯಗಾರರ ಕಾಟ ತಾಳಲಾರದೆ ನಾವೇ ಸ್ಥಳಾಂತರವನ್ನು ಬೇಡಿಕೊಂಡೆವು, ನಮ್ಮ ಊರನ್ನು ನಾವೇ ಸುಟ್ಟೆವು ಎಂದು ಅವುಗಳಲ್ಲಿ ಬರೆದಿತ್ತು. ಹಿರಿಯರು ಸಹಿ ಹಾಕಲು ನಿರಾಕರಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಆಯುಧದ ಭಯದಲ್ಲಿ, ಸಹಿ ಹಾಕಿಸಿಕೊಳ್ಳಲಾಯಿತು.

ಇದನ್ನು ವಿರೋಧೀ ಹಿಂಸೆಯ ಹೆಸರಿನಲ್ಲಿ ಸಮರ್ಥಿಸಲು ಬರುವುದಿಲ್ಲ. ದಾರ್ಜೋವಿನ ಜನ ಆ ದಿನ ಯಾರನ್ನೂ ವಿರೋಧಿಸಿರಲಿಲ್ಲ. ದಿನ ಗೊತ್ತುಮಾಡಿ, ನಕ್ಷೆ ಬರೆದು, ಲಾರಿಗಳ ಲೆಕ್ಕ ಹಾಕಿ ಮಾಡಿದುದು ಸಂಕಲ್ಪೀ ಹಿಂಸೆ. ಅದಕ್ಕೆ ಅಂಟಿಕೊಂಡು ಅಸತ್ಯವೂ ಬಂದಿತು. ಹಿಂಸೆಯನ್ನು ಬಿಡದವನು ಸತ್ಯವ್ರತವನ್ನು ಉಳಿಸಿಕೊಳ್ಳಲಾರನೆಂದು ವ್ರತಗಳ ಕ್ರಮವೇ ಹೇಳುತ್ತದೆ. ಇನ್ನು ಕರ್ತೃ ಯಾರೆಂಬ ಪ್ರಶ್ನೆ. ತಾನು ಮಾಡುವುದು, ಮಾಡಿಸುವುದು, ಮಾಡಿದುದನ್ನು ಒಪ್ಪುವುದು. ಇವು ಮೂರೂ ಮನಸ್ಸು, ಮಾತು, ದೇಹಗಳಿಂದ. ಇವಕ್ಕೆ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನೂ ನಾಲ್ಕು ಕಷಾಯಗಳನ್ನೂ ಸೇರಿಸಿ ಗುಣಿಸಿದರೆ ನೂರೆಂಟಾಗುತ್ತದೆ. ಜಪಮಾಲೆಯ ಮಣಿಗಳ ಲೆಕ್ಕವೆಂದು ಇದನ್ನು ಮಕ್ಕಳಿಗೂ ಕಲಿಸುತ್ತಾರೆ. ಪಂಜು ಹಿಡಿದ ಅಧಿಕಾರಿಯ ಪಾಲಿಗೆ ಕೃತದೋಷ ಬರುತ್ತದೆ, ಅವನ ಮನಸ್ಸು ನೊಂದಿದ್ದರೂ. ದೂರದ ನಗರದಲ್ಲಿ ಯೋಜನೆಗೆ ಅಂಕಿತ ಹಾಕಿದವರು ಕೈಗೆ ಬೂದಿ ಹತ್ತದೆ ಕಾರಿತದೋಷವನ್ನು ಹೊತ್ತರು. ಪತ್ರಿಕೆಯಲ್ಲಿ ಒಂದು ಸಾಲನ್ನು ಓದಿ, ಹಾಗೆಯೇ ಆಗಬೇಕು ಅವರಿಗೆ, ಎಂದು ಪುಟ ತಿರುವಿದ ದೇಶದ ಇತರ ಜನರಿಗೆ ಅನುಮೋದನೆಯ ಪಾಲಿದೆ. ಈ ಮೂರನೆಯ ಪಾಲಿನ ಮಾತು ಬಂದಾಗ ಎಲ್ಲರೂ ಮೌನವಾಗುವುದು ಸಹಜ.

ಬಂಡಾಯಗಾರರ ಪಕ್ಷದಲ್ಲಿಯೂ ಇದೇ ಲೆಕ್ಕ ಸಲ್ಲುತ್ತದೆ. ಸುಳಿವು ಕೊಟ್ಟರೆಂಬ ಶಂಕೆಯ ಮೇಲೆ ತಮ್ಮವರನ್ನೇ ಅವರು ಕೊಂದರು. 1975ರ ಜನವರಿ 13ರಂದು ಐಜ್ವಾಲಿನ ಪೊಲೀಸ್ ಕೇಂದ್ರ ಕಚೇರಿಯೊಳಕ್ಕೆ ನುಗ್ಗಿ ಮೂವರು ಹಿರಿಯ ಪೊಲೀಸ್ ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಹೊರಗಿನಿಂದ ಬಂದು ನೆಲೆಸಿದವರು ಬೆಟ್ಟ ಬಿಟ್ಟು ಹೋಗಬೇಕೆಂದು 1979ರಲ್ಲಿ ಬೆದರಿಕೆಯ ಪತ್ರಗಳನ್ನು ಹೊರಡಿಸಿದರು. ಸಿಪಾಯಿಗಳು ಹಗಲಿನಲ್ಲಿ ಬಂದು ಕೇಳಿದ ಪ್ರಶ್ನೆಗೆ, ರಾತ್ರಿ ಬಂದವರು ಉತ್ತರವನ್ನು ವಿಚಾರಿಸುವ ಬಾಳು ಆ ಜನರದಾಯಿತು.

1971ರಲ್ಲಿ ಬಾಂಗ್ಲಾದೇಶ ಹುಟ್ಟಿದಾಗ ಬಂಡಾಯದ ಹಿನ್ನೆಲೆ ಕುಸಿಯಿತು. 1972ರ ಜನವರಿಯಲ್ಲಿ ಮಿಜೋರಾಂ ಕೇಂದ್ರಾಡಳಿತ ಪ್ರದೇಶವಾಯಿತು. 1976ರ ಜುಲೈನಲ್ಲಿ ಒಂದು ಒಪ್ಪಂದವಾಗಿ ಮುರಿಯಿತು. ಸೈನ್ಯದಿಂದ ನಿವೃತ್ತರಾದ ಬ್ರಿಗೇಡಿಯರ್ ಸೈಲೋ 1974ರಲ್ಲಿ ಮಾನವ ಹಕ್ಕುಗಳ ಸಮಿತಿಯೊಂದನ್ನು ಕಟ್ಟಿ, ಸೈನಿಕರಿಂದ ನೊಂದವರ ದೂರುಗಳನ್ನು ಎತ್ತಿಹಿಡಿದರು. ಮುಂದೆ ಅವರೇ ಮುಖ್ಯಮಂತ್ರಿಯಾದರು. ಎರಡೂ ಕಡೆಯವರು ಬಂದೂಕು ಇಳಿಸಬೇಕೆಂದು ಚರ್ಚುಗಳು ಬಂಡಾಯದ ಆರಂಭದ ವರ್ಷಗಳಿಂದಲೇ ಹೇಳುತ್ತ ಬಂದಿದ್ದವು. 1982ರಲ್ಲಿ ವಿವಿಧ ಚರ್ಚುಗಳ ಮುಖಂಡರು ಕೂಡಿ ಒಂದು ಸಮಿತಿಯಾದರು. 1986ರ ಜೂನ್ 30ರಂದು ದೆಹಲಿಯಲ್ಲಿ ಲಾಲ್‌ಡೆಂಗಾ, ಕೇಂದ್ರದ ಗೃಹ ಕಾರ್ಯದರ್ಶಿ ಆರ್. ಡಿ. ಪ್ರಧಾನ್ ಮತ್ತು ಮಿಜೋರಾಮಿನ ಮುಖ್ಯ ಕಾರ್ಯದರ್ಶಿ ಲಾಲ್‌ಖಾಮಾ ಒಪ್ಪಂದಕ್ಕೆ ಸಹಿ ಹಾಕಿದರು. ಪ್ರಧಾನ್ ಅವರು ಸೇವೆಯಿಂದ ನಿವೃತ್ತರಾಗುವ ದಿನವೂ ಅದೇ ಆಗಿತ್ತು.

ಈ ಒಪ್ಪಂದದ ಯಶಸ್ಸಿನಲ್ಲಿ ಹೆಚ್ಚಾಗಿ ಹೊಗಳಿಸಿಕೊಳ್ಳದ ಒಂದು ಕೃತ್ಯವಿದೆ. ಚುನಾಯಿತ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಅವರು ನೆನ್ನೆಯವರೆಗೆ ಬಂಡಾಯಗಾರನಾಗಿದ್ದವನಿಗೆ ತಮ್ಮ ಪೀಠವನ್ನು ಬಿಟ್ಟುಕೊಟ್ಟರು. ರಾಜಕೀಯದಲ್ಲಿ ಅಪರಿಗ್ರಹವೆಂಬುದಕ್ಕೆ ಉದಾಹರಣೆ ಕೇಳಿದರೆ ತೋರಿಸಲು ಇಂಥವು ಬಹಳವಿಲ್ಲ. 1987ರ ಫೆಬ್ರವರಿ 20ರಂದು ಮಿಜೋರಾಂ ದೇಶದ 23ನೆಯ ರಾಜ್ಯವಾಯಿತು. ಶಸ್ತ್ರಗಳನ್ನು ಒಪ್ಪಿಸಲಾಯಿತು, ಆ ಬಂಡಾಯ ಮತ್ತೆ ತಲೆಯೆತ್ತಲಿಲ್ಲ.

ಹಾಗಿದ್ದರೂ ಶಲ್ಯವೊಂದು ಉಳಿಯಿತು. ಗೆದ್ದುದನ್ನೆಲ್ಲ ಬಿಟ್ಟು ವರ್ಷವಿಡೀ ನಿಂತ ಬಾಹುಬಲಿಗೂ, ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಮುಳ್ಳು ಮನಸ್ಸಿನಿಂದ ಹೋಗಿರಲಿಲ್ಲ. ಭರತನೇ ಬಂದು ತಲೆಬಾಗಿದ ಮೇಲೆ ಕೇವಲಜ್ಞಾನವಾಯಿತು. ಬಲವುಳ್ಳವನು ತಾನಾಗಿ ಬರಬೇಕಾಯಿತು. 1986ರ ಒಪ್ಪಂದದಲ್ಲಿ ಸತ್ತವರ ಕುಟುಂಬಗಳಿಗೆ, ಹಾಳಾದ ಬೆಳೆ ಕಟ್ಟಡಗಳಿಗೆ ಪರಿಹಾರಧನದ ಮಾತಿತ್ತು. ಐಜ್ವಾಲಿನ ಆಕಾಶದ, ಸುಟ್ಟ ಹಳ್ಳಿಗಳ ವಿಷಯದಲ್ಲಿ ಕ್ಷಮೆಯ ಮಾತಿರಲಿಲ್ಲ. 2023ರ ಆಗಸ್ಟಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಲೋಕಸಭೆಯಲ್ಲಿ ಐಜ್ವಾಲಿನ ಬಾಂಬು ದಾಳಿಯನ್ನು ಎತ್ತಿ ಹೇಳಿದರು. ಹೇಳಿದ್ದು ವಿರೋಧಪಕ್ಷವನ್ನು ಆಪಾದಿಸುವುದಕ್ಕಾಗಿ. ಪ್ರತಿಕ್ರಮಣದಲ್ಲಿ ಆಲೋಚನೆ ಎಂಬ ಅಂಗವಿದೆ. ಮಾಡಿದ ದೋಷವನ್ನು ಬಚ್ಚಿಡದೆ, ಮಾಡಿದ್ದು ಹೇಗೋ ಹಾಗೆಯೇ ಗುರುವಿನ ಮುಂದೆ ಹೇಳುವುದು. ಇನ್ನೊಬ್ಬರ ದೋಷವನ್ನು ಹೇಳುವುದಕ್ಕೆ ಆ ಹೆಸರಿಲ್ಲ. ನಾಥಿಯಾಲಿನಲ್ಲಿ ಹಿರಿಯರಿಂದ ಬಲವಂತವಾಗಿ ಸಹಿ ಮಾಡಿಸಿದ ಕಾಗದಗಳು ಸುಳ್ಳೆಂದು ಅವುಗಳನ್ನು ಬರೆಯಿಸಿದ ಆಡಳಿತವು ಒಪ್ಪಿಕೊಳ್ಳದ ಹೊರತು, ಪರಿಹಾರಧನವು ಆಲೋಚನೆಯ ಸ್ಥಾನವನ್ನು ತುಂಬಲಾರದು.

ಶಲ್ಯವು ಪೀಡಿತನನ್ನೂ ಶುದ್ಧನಾಗಿ ಉಳಿಸುವುದಿಲ್ಲ. 1997ರಲ್ಲಿ, ರಾಜ್ಯವಾಗಿ ಹತ್ತೇ ವರ್ಷಗಳಲ್ಲಿ, ಮಿಜೋರಾಮಿನಲ್ಲಿ ಅಲ್ಪಸಂಖ್ಯಾತರಾದ ಬ್ರೂ ಜನ ಸಾವಿರಸಾವಿರವಾಗಿ ಮನೆಮಠ ಬಿಟ್ಟು ತ್ರಿಪುರಕ್ಕೆ ಓಡಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಶಿಬಿರಗಳಲ್ಲಿ ಪಡಿತರದ ಅಕ್ಕಿ ತಿಂದರು. 2020ರ ಜನವರಿಯಲ್ಲಿ ಅವರನ್ನು ತ್ರಿಪುರದಲ್ಲಿಯೇ ನೆಲೆಗೊಳಿಸುವ ಒಪ್ಪಂದವಾಯಿತು. 2021ರಲ್ಲಿ ಮ್ಯಾನ್ಮಾರಿನ ಸೈನ್ಯಕ್ಕೆ ಹೆದರಿ ಗಡಿ ದಾಟಿ ಬಂದ ಸಾವಿರಾರು ಚಿನ್ ಜನರಿಗೆ ಅದೇ ಮಿಜೋರಾಂ ಬಾಗಿಲು ತೆರೆಯಿತು. ಎರಡೂ ಸತ್ಯ.

2007ರ ಸುಮಾರಿಗೆ ಬಿದಿರು ಮತ್ತೆ ಹೂ ಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಹಿಂದೆ ಲಾಲ್‌ಡೆಂಗಾ ಅವರ ಜೊತೆಯಲ್ಲಿ ಕಾಡಿನಲ್ಲಿದ್ದ ಝೋರಮ್‌ಥಾಂಗಾ. ಈ ಸಲ ಯಾರೂ ಅದನ್ನು ಮೂಢನಂಬಿಕೆ ಎನ್ನಲಿಲ್ಲ. ಮೂರು ವರ್ಷ ಮೊದಲೇ ಯೋಜನೆ ಸಿದ್ಧವಾಗಿತ್ತು, ಕೇಂದ್ರದಿಂದ ಹಣ ಬಂದಿತ್ತು, ಇಲಿಗಳು ತಿನ್ನದ ಬೆಳೆಗಳನ್ನು ಬೆಳೆಯಲು ಹೇಳಲಾಗಿತ್ತು. ಇಲಿಗಳ ಬಾಲಕ್ಕೆ ಇಷ್ಟೆಂದು ಬಹುಮಾನ ಕೊಟ್ಟು ಲಕ್ಷಗಟ್ಟಲೆ ಇಲಿಗಳನ್ನು ಕೊಲ್ಲಿಸಲಾಯಿತು. ಅಹಿಂಸೆಯನ್ನು ಪರಮಧರ್ಮವೆನ್ನುವವನಿಗೆ ಈ ಭಾಗವನ್ನು ಓದಿ ದಾಟುವುದು ಸುಲಭವಲ್ಲ. ಬೆಳೆ ಕಾಯುವ ರೈತನ ಆರಂಭೀ ಹಿಂಸೆ ಎಂದು ಹೇಳಿ ಮುಗಿಸಿದರೂ ಬಾಲಗಳ ರಾಶಿ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಬೆಳೆ ಈ ಸಲವೂ ಬಹುಪಾಲು ಹೋಯಿತು. ಅಕ್ಕಿಯ ಲಾರಿಗಳು ಮಾತ್ರ ವೈರೆಂಗ್ತೆಯ ಕಡೆಯಿಂದ ಬೆಟ್ಟ ಹತ್ತಿ ಬಂದವು. ನಲವತ್ತು ವರ್ಷಗಳ ಹಿಂದೆ ಹದಿನೆಂಟು ಕೇಂದ್ರಗಳನ್ನು ಸಾಲಾಗಿ ಕಟ್ಟಿದ್ದ ಅದೇ ರಸ್ತೆಯಲ್ಲಿ.